ಕೀಲಿ ತೆಗೆದ ಮೇಲೆ

ಬ್ಯಾಟರಿ ಮಾರುವವನ ಪಕ್ಕದ ಮಳಿಗೆಯಲ್ಲಿ ಕರೆಂಟ್ ಲೀಕು ಹುಡುಕುವವನು ಇರಬಾರದು. ವ್ಯಾಪಾರಕ್ಕೆ ಒಳ್ಳೆಯದಲ್ಲ. ನನ್ನ ಮಟ್ಟಿಗೆ ಹಾಗೇ ಆಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ ನಮ್ಮ ತಂದೆಯ ಕಾಲದ ಬ್ಯಾಟರಿ ಅಂಗಡಿ. ಗೋಡೆಯ ಆ ಕಡೆ ಆಟೋ ಎಲೆಕ್ಟ್ರಿಷಿಯನ್ ಮೇಸ್ತ್ರಿ. ಬೆಳಗ್ಗೆ ಸೆಲ್ಫ್ ಹೊಡೆಯದ ಕಾರನ್ನು ತಳ್ಳಿಸಿಕೊಂಡು ಬಂದವರು ನೇರ ನನ್ನ ಕೌಂಟರಿಗೆ ಬಂದು ಹೊಸ ಬ್ಯಾಟರಿ ಕೇಳುತ್ತಿದ್ದರು. ನಾನು ದರ ಹೇಳಬೇಕು ಅನ್ನುವಷ್ಟರಲ್ಲಿ ಆಚೆಯಿಂದ ದನಿ ಬರುತ್ತಿತ್ತು: "ತಡೀರಿ ಸಾರ್, ಬ್ಯಾಟರಿದು ತಪ್ಪಿಲ್ಲ. ಎಲ್ಲೋ ತಿಂತಾ ಇದೆ. ಹೊಸದು ಹಾಕಿಸಿದ್ರೂ ನಾಲ್ಕು ದಿನಕ್ಕೆ ಅದನ್ನೂ ಮುಗಿಸುತ್ತೆ."

ಮುಕ್ಕಾಲು ಪಾಲು ಸಲ ಮೇಸ್ತ್ರಿ ಹೇಳಿದ್ದೇ ಸರಿ ಇರುತ್ತಿತ್ತು. ನನಗೆ ಉಳಿಯುತ್ತಿದ್ದದ್ದು ರಾತ್ರಿ ಚಾರ್ಜಿಗೆ ಹಾಕಿದ ಬಾಡಿಗೆ ಮಾತ್ರ.

ಆಗಿನ ಬ್ಯಾಟರಿಯೇ ಬೇರೆ. ಕಪ್ಪು ಗಟ್ಟಿ ರಬ್ಬರಿನ ಡಬ್ಬಿ, ಮೇಲೆ ಡಾಂಬರಿನಂಥ ಪಿಚ್ಚು ಸುರಿದು ಮುಚ್ಚಿದ್ದು, ಆರು ಸೆಲ್ಲುಗಳನ್ನು ಜೋಡಿಸುವ ಸೀಸದ ಪಟ್ಟಿಗಳು ಹೊರಗೇ ಕಾಣುತ್ತಿದ್ದವು. ಒಂದು ಸೆಲ್ಲು ಸತ್ತರೆ ಪಿಚ್ಚು ಕರಗಿಸಿ, ಪ್ಲೇಟು ಬದಲಾಯಿಸಿ ಮತ್ತೆ ಮುಚ್ಚುತ್ತಿದ್ದೆವು. ನನ್ನ ಎಲ್ಲ ಅಂಗಿಗಳಲ್ಲೂ ಆಸಿಡ್ ಬಿದ್ದ ತೂತು. ಹೈಡ್ರೋಮೀಟರಿನ ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ನೋಡಿದಾಗ 1.250ಕ್ಕಿಂತ ಮೇಲಿದ್ದರೆ ತಂದೆಯ ಮುಖ ಅರಳುತ್ತಿತ್ತು, 1.150 ಕಂಡರೆ ಬ್ಯಾಟರಿ ಅಂದು ರಾತ್ರಿ ಅಂಗಡಿಯಲ್ಲೇ ಉಳಿಯಿತು ಎಂದು ಅರ್ಥ. ಆ ಕಾಲದ ಒಂದು ಲೀಕು ವೈರಿನಲ್ಲೇ ಇರುತ್ತಿರಲಿಲ್ಲ ಅನ್ನುವುದು ಈಗಿನ ಹುಡುಗರಿಗೆ ಗೊತ್ತಿಲ್ಲ. ಬ್ಯಾಟರಿಯ ತಲೆಯ ಮೇಲೆ ಧೂಳು ಕೂತು, ಅದರ ಮೇಲೆ ಆಸಿಡ್ ಹನಿ ಬಿದ್ದು ಒದ್ದೆಯಾದರೆ ಪ್ಲಸ್ಸಿನಿಂದ ಮೈನಸ್ಸಿಗೆ ಆ ಕೊಳೆಯೇ ದಾರಿ ಮಾಡಿಕೊಡುತ್ತದೆ. ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು ಒರೆಸಿದರೆ ರೋಗ ಹೋಯಿತು. ಇದಕ್ಕೆ ಕಾಸು ಕೇಳಲು ತಂದೆಗೆ ನಾಚಿಕೆ. ನನಗೆ ಇರಲಿಲ್ಲ.

ಉಳಿದ ಲೀಕುಗಳು ಗೋಡೆಯಾಚೆಯ ಆಸ್ತಿ. ಮೇಸ್ತ್ರಿಯ ಆಯುಧವೆಂದರೆ ಒಂದು ಬಲ್ಬು. 12 ವೋಲ್ಟು, 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬಿಗೆ ಎರಡು ವೈರು ಬೆಸುಗೆ ಹಾಕಿ, ತುದಿಗೆ ಮೊಸಳೆ ಕ್ಲಿಪ್ಪು. ಕೀಲಿ ತೆಗೆದು, ಬಾಗಿಲು ಹಾಕಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಆ ಬಲ್ಬು ಕೂರಿಸುವುದು. ಹತ್ತಿದರೆ ಎಲ್ಲೋ ಕರೆಂಟು ಹರಿಯುತ್ತಿದೆ. ಹಳೆಯ ಅಂಬಾಸಿಡರಿನ ಫ್ಯೂಸುಗಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಒಂದೊಂದಾಗಿ ತೆಗೆಯುತ್ತ ಹೋದರೆ ಯಾವುದೋ ಒಂದಕ್ಕೆ ಬಲ್ಬು ಆರುತ್ತದೆ. ಆರದಿದ್ದರೆ ಫ್ಯೂಸಿಲ್ಲದ ದಾರಿಯಲ್ಲಿದೆ ಎಂದು ಲೆಕ್ಕ. ಆಗ ಡೈನಮೋ ಕಡೆ ನೋಡಬೇಕು. ಡೈನಮೋಗೆ ಒಂದು ಕಟೌಟು ಇರುತ್ತಿತ್ತು. ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಡೈನಮೋಗೆ ಹೋಗದಂತೆ ತಡೆಯುವುದು ಅದರ ಕೆಲಸ. ಅದರ ಪಾಯಿಂಟು ಕರಗಿ ಅಂಟಿಕೊಂಡರೆ ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ, ದುರದೃಷ್ಟ ಹೆಚ್ಚಿದ್ದರೆ ಡೈನಮೋ ಕೂಡ ಸುಟ್ಟಿರುತ್ತಿತ್ತು. ಮೇಸ್ತ್ರಿ ಬಲ್ಬಿನ ಬೆಳಕಿನ ಬಣ್ಣ ನೋಡಿಯೇ ಹೇಳುತ್ತಿದ್ದರು. ಕೆಂಪಗೆ ಮಿಣುಕಿದರೆ ಯಾವುದೋ ಸಣ್ಣ ದೀಪ, ಬೆಳ್ಳಗೆ ಉರಿದರೆ ಕಟೌಟು ಅಥವಾ ಕಾರಿನ ತಗಡಿಗೆ ತಾಗಿದ ವೈರು. ಬಟ್ಟೆ ಸುತ್ತಿದ ಹಳೆಯ ವೈರಿನ ರಬ್ಬರು ಒಣಗಿ ಉದುರಿದ ಜಾಗಕ್ಕೆ ಅವರ ಕೈ ಕಣ್ಣಿಗಿಂತ ಮೊದಲೇ ಹೋಗುತ್ತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ನಮ್ಮ ಗಲ್ಲಿಗೆ ಅದು ಕೆಲಸ ಹುಡುಕಿಕೊಂಡು ಬರಲು ಇನ್ನೊಂದಷ್ಟು ವರ್ಷ ಹಿಡಿಯಿತು. ಡೈನಮೋ ಹೋಗಿ ಆಲ್ಟರ್ನೇಟರ್ ಬಂದದ್ದರಿಂದ ಕಟೌಟಿನ ಕಾಟ ಮುಗಿಯಿತು. ಅದರ ಬದಲಿಗೆ ಡಯೋಡು. ಡಯೋಡು ಕೆಟ್ಟರೂ ಕರೆಂಟು ಹಿಂದಕ್ಕೆ ಸೋರುತ್ತದೆ. ಗಂಟೆಗಟ್ಟಲೆ ನಿಂತು ಎಂಜಿನ್ ತಣ್ಣಗಾದ ಕಾರಿನಲ್ಲಿ ಆಲ್ಟರ್ನೇಟರ್ ಮಾತ್ರ ಬೆಚ್ಚಗಿದ್ದರೆ ಅಲ್ಲೇ ಕಳ್ಳ. ಡಿಕ್ಕಿಯ ದೀಪ ಇನ್ನೊಂದು. ಮುಚ್ಚಿದ ಡಿಕ್ಕಿಯೊಳಗೆ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡುವುದು ಹೇಗೆ? ಮೇಸ್ತ್ರಿಯ ಸಹಾಯಕ ಹುಡುಗನನ್ನು ಒಳಗೆ ಕೂರಿಸಿ ಮುಚ್ಚುತ್ತಿದ್ದರು. ಅವನು ಒಳಗಿಂದ "ಉರೀತಿದೆ ಅಣ್ಣಾ" ಎಂದು ಕೂಗಿದರೆ ಸ್ವಿಚ್ಚು ಬದಲಿಸಬೇಕು. ಐದು ವ್ಯಾಟಿನ ಆ ಸಣ್ಣ ಬಲ್ಬು 0.4 ಆಂಪಿಯರಿನಂತೆ ದಿನಕ್ಕೆ ಹತ್ತು ಆಂಪಿಯರ್-ಗಂಟೆ ತಿನ್ನುತ್ತದೆ. 35ರ ಬ್ಯಾಟರಿಯಾದರೆ ಮೂರನೆಯ ಬೆಳಗ್ಗೆ ಸೆಲ್ಫು ಟಕ್ ಟಕ್ ಅನ್ನುವುದು ಖಾತ್ರಿ.

ಆದರೆ ನಿಜವಾದ ಸುಗ್ಗಿ ಬಂದದ್ದು ಸ್ಟೀರಿಯೋದಿಂದ. ಎಂಬತ್ತರ ದಶಕದ ಕೊನೆಯಿಂದ ಮುಂದಿನ ಹದಿನೈದು-ಇಪ್ಪತ್ತು ವರ್ಷ ಜೆ.ಸಿ. ರಸ್ತೆಯ ಇಕ್ಕೆಲದಲ್ಲೂ ಕಾರು ನಿಲ್ಲಿಸಲು ಜಾಗವಿರುತ್ತಿರಲಿಲ್ಲ. ಸೀಟ್ ಕವರ್, ಫಿಲ್ಮು, ಹಾರ್ನು, ಫಾಗ್ ಲ್ಯಾಂಪು, ಅಲಾರ್ಮು, ಸೆಂಟ್ರಲ್ ಲಾಕು, ಡಿಕ್ಕಿಯಲ್ಲಿ ಆಂಪ್ಲಿಫೈಯರು. ಭಾನುವಾರ ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಬಂದವರು ಕೂಡ ಹೋಗುವಾಗ ಒಂದು ಜೋಡಿ ಸ್ಪೀಕರು ಹಾಕಿಸಿಕೊಂಡು ಹೋಗುತ್ತಿದ್ದರು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಫಿಟ್ಟಿಂಗು ಫ್ರೀ, ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯಲ್ಲೇ ಎಲ್ಲ ಕೆಡುತ್ತಿತ್ತು. ಸ್ಟೀರಿಯೋದ ಹಿಂದೆ ಹಳದಿ ವೈರು ಬ್ಯಾಟರಿಯಿಂದ ಸದಾ ಬರುವ ಕರೆಂಟಿಗೆ, ಸ್ಟೇಷನ್ನುಗಳ ನೆನಪು ಉಳಿಸಲು. ಕೆಂಪು ವೈರು ಕೀಲಿ ಹಾಕಿದಾಗ ಮಾತ್ರ ಬರುವ ಕರೆಂಟಿಗೆ. ಕೀಲಿಯ ಲೈನು ಹುಡುಕಲು ಯಾರಿಗೆ ಪುರುಸೊತ್ತು? ಎರಡನ್ನೂ ಸೇರಿಸಿ ತಿರುಚಿ ಟೇಪು ಸುತ್ತಿದರಾಯಿತು, ಹಾಡು ಬರುತ್ತದೆ. ಗಿರಾಕಿಗೂ ಖುಷಿ, ಕೀಲಿ ಇಲ್ಲದೆಯೂ ಕೇಳಬಹುದಲ್ಲ. ಆದರೆ ಸೆಟ್ಟು ಪೂರ್ತಿ ಮಲಗುವುದೇ ಇಲ್ಲ. ಇನ್ನು ಆಂಪ್ಲಿಫೈಯರನ್ನು ಎಬ್ಬಿಸುವ ನೀಲಿ ವೈರನ್ನೂ ಅದೇ ಗಂಟಿಗೆ ಕಟ್ಟಿದರಂತೂ ಅದು ಹಗಲೂ ರಾತ್ರಿ ಎಚ್ಚರ.

ಎದುರು ಸಾಲಿನವರು ಹಾಕಿದ್ದನ್ನು ನಮ್ಮ ಮೇಸ್ತ್ರಿ ಬಿಚ್ಚುವುದು, ನಾನು ಚಾರ್ಜು ಹಾಕುವುದು. ಇಡೀ ಬೀದಿ ಒಂದರಿಂದೊಂದು ಬದುಕುತ್ತಿತ್ತು. ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಟೇಪಿನ ಗಂಟುಗಳನ್ನು ಒಂದೊಂದಾಗಿ ಬಿಡಿಸುವಾಗ ಮೇಸ್ತ್ರಿ ಬೈಯುತ್ತಿದ್ದದ್ದನ್ನು ಇಲ್ಲಿ ಬರೆಯಲಾಗದು. ಹೊರಗೆ ಬಂದು ಮಾತ್ರ ಗಿರಾಕಿಗೆ ತಣ್ಣಗೆ "ಸಣ್ಣ ಲೂಸ್ ಕನೆಕ್ಷನ್ ಇತ್ತು ಸಾರ್" ಅನ್ನುತ್ತಿದ್ದರು. ಎದುರಿನವರ ಹೆಸರು ಎತ್ತುತ್ತಿರಲಿಲ್ಲ. ನಾಳೆ ಅವರ ಗಿರಾಕಿಯೇ ತಾನೇ ಬರಬೇಕಾದವನು.

ಬಲ್ಬಿನ ವಿದ್ಯೆ ಸೋತದ್ದು ಯಾವ ವರ್ಷ ಎಂದು ಹೇಳುವುದು ಕಷ್ಟ. 2000ದ ಆಸುಪಾಸಿನಲ್ಲಿ ಕಾರ್ಬುರೇಟರು ಹೋಗಿ ಎಲ್ಲ ಕಾರಿಗೂ ಫ್ಯೂಯೆಲ್ ಇಂಜೆಕ್ಷನ್ ಬರುತ್ತ, ಅದರ ಜೊತೆ ಕಂಪ್ಯೂಟರು ಬಂತು. ಆಮೇಲೆ ಬಾಗಿಲಿಗೊಂದು, ಏರ್‌ಬ್ಯಾಗಿಗೊಂದು, ಎಸಿಗೊಂದು. ಹಿಂದೆ ಕೀಲಿ ತೆಗೆದ ಕಾರು ಅಂದರೆ ಬರೀ ತಗಡು, ಕರೆಂಟಿನ ಲೆಕ್ಕದಲ್ಲಿ ಸೊನ್ನೆ. ಸೊನ್ನೆ ಅಲ್ಲದ್ದೆಲ್ಲ ರೋಗ. ಈಗಿನ ಕಾರು ಕೀಲಿ ತೆಗೆದು ಲಾಕು ಮಾಡಿದ ಮೇಲೂ 20ರಿಂದ 50 ಮಿಲಿಆಂಪಿಯರು ಎಳೆಯುತ್ತಲೇ ಇರುತ್ತದೆ. ಅದು ಆರೋಗ್ಯ. ರಿಮೋಟಿನ ಸದ್ದಿಗೆ ಕಿವಿಗೊಟ್ಟು ಕೂರಬೇಕು, ಗಡಿಯಾರ ನಡೆಸಬೇಕು. ಅಷ್ಟು ಸಣ್ಣ ಕರೆಂಟಿಗೆ ಮೇಸ್ತ್ರಿಯ ಬಲ್ಬು ಮಿಣುಕುವುದೂ ಇಲ್ಲ. 200 ಮಿಲಿಆಂಪಿಯರು ಸೋರಿ ವಾರದಲ್ಲಿ ಬ್ಯಾಟರಿ ಕೊಲ್ಲುವ ಲೀಕಿಗೂ ಅದು ಹತ್ತಿದಂತೆ ಕಾಣದು. ಅದಕ್ಕಿಂತ ತೊಂದರೆಯೆಂದರೆ, ಬಲ್ಬು ಹಾಕಲೆಂದು ಕೇಬಲ್ ಬಿಚ್ಚಿ ಮತ್ತೆ ಕೊಟ್ಟ ಕೂಡಲೇ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಎಚ್ಚರಾಗುತ್ತವೆ. ಬಲ್ಬು ಭರ್ರನೆ ಹತ್ತುತ್ತದೆ. ಮೇಸ್ತ್ರಿ ದೊಡ್ಡ ಶಾರ್ಟು ಇದೆ ಎಂದು ಇಡೀ ದಿನ ಹುಡುಕಿ, ಏನೂ ಸಿಗದೆ ಸಂಜೆ ಕಾಫಿ ಲೋಟ ಹಿಡಿದು ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತದ್ದನ್ನು ನೋಡಿದ್ದೇನೆ. "ಇದಕ್ಕೆ ಕೈ ಹಾಕಿದ್ರೆ ಎದ್ದು ಕೂತ್ಕೊಳ್ಳುತ್ತೆ ತಮ್ಮಾ" ಎಂದರು. ಸಮಸ್ಯೆ ಇದ್ದದ್ದು ನಿಖರವಾಗಿ ಅಲ್ಲೇ.

ಅದನ್ನು ಬಿಡಿಸಿದವನು ಡಿಕ್ಕಿಯಲ್ಲಿ ಕೂರುತ್ತಿದ್ದ ಅದೇ ಹುಡುಗ. ಐಟಿಐ ಮುಗಿಸಿ ಬಂದಿದ್ದ. ಅವನ ಪದ್ಧತಿ ಮೊದಲ ನೋಟಕ್ಕೆ ಸೋಮಾರಿತನದಂತೆ ಕಾಣುತ್ತದೆ. ಬಾನೆಟ್ ಎತ್ತಿ, ಕಿಟಕಿ ಗಾಜು ಇಳಿಸಿ, ಬಾಗಿಲು ತೆರೆದೇ ಇಟ್ಟು, ಆದರೆ ಬಾಗಿಲಿನ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚುತ್ತಾನೆ. ಬಾಗಿಲು ಹಾಕಿದೆ ಎಂದು ಕಾರು ನಂಬಬೇಕು. ರಿಮೋಟಿನಿಂದ ಲಾಕು ಮಾಡಿ, ಕೀಲಿಯನ್ನು ದೂರ, ನನ್ನ ಅಂಗಡಿಯ ಗಲ್ಲಾದೊಳಗೆ ಇಡುತ್ತಾನೆ. ಹತ್ತಿರವಿದ್ದರೆ ಕೆಲವು ಕಾರುಗಳು ಅದನ್ನು ಕೇಳಿಸಿಕೊಂಡು ಏಳುತ್ತವೆ. ಕೇಬಲ್ ಬಿಚ್ಚುವುದಿಲ್ಲ, ಮಿಲಿಆಂಪಿಯರು ತೋರುವ ಕ್ಲಾಂಪ್ ಮೀಟರನ್ನು ಅದರ ಸುತ್ತ ಹಾಕಿ ಬಿಡುತ್ತಾನೆ. ಆಮೇಲೆ ಕಾಯುವುದು. ಅರ್ಧ ಗಂಟೆ, ಕೆಲವಕ್ಕೆ ಅದಕ್ಕೂ ಹೆಚ್ಚು. ಮೀಟರು ಎರಡು-ಮೂರು ಆಂಪಿಯರಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಪೂರ್ತಿ ಇಳಿಯದೆ ಮಧ್ಯೆ ನಿಂತರೆ ಮಾತ್ರ ಎದ್ದು ಹೋಗುತ್ತಾನೆ. ಫ್ಯೂಸು ಕೀಳುವುದಿಲ್ಲ, ಕಿತ್ತರೆ ಮತ್ತೆ ಎಲ್ಲ ಎಚ್ಚರ. ಪ್ರತಿ ಫ್ಯೂಸಿನ ತಲೆಯ ಮೇಲಿನ ಎರಡು ಚುಕ್ಕಿಗಳಿಗೆ ಮೀಟರಿನ ಮೊನೆ ತಾಗಿಸಿ ಮಿಲಿವೋಲ್ಟು ನೋಡುತ್ತಾನೆ. ಸೊನ್ನೆ ಇದ್ದರೆ ಅಲ್ಲಿ ಏನೂ ಹರಿಯುತ್ತಿಲ್ಲ. ಹತ್ತು ಆಂಪಿಯರಿನ ಫ್ಯೂಸಿನಲ್ಲಿ ಅರ್ಧ ಮಿಲಿವೋಲ್ಟಿನಷ್ಟು ಕಂಡರೂ ಐವತ್ತಕ್ಕೂ ಹೆಚ್ಚು ಮಿಲಿಆಂಪಿಯರು ಹೋಗುತ್ತಿದೆ ಎಂದು ಲೆಕ್ಕ.

ಹೀಗೆ ಸಿಕ್ಕ ಕಳ್ಳರು ವಿಚಿತ್ರ. ಬಾಗಿಲಿನ ಲಾಕಿನೊಳಗಿನ ಪುಟ್ಟ ಸ್ವಿಚ್ಚು ಸವೆದು, ಬಾಗಿಲು ತೆರೆದೇ ಇದೆ ಎಂದು ಕಾರು ರಾತ್ರಿಯೆಲ್ಲ ತಿಳಿದುಕೊಂಡಿರುತ್ತದೆ. ಟ್ಯಾಕ್ಸಿಗೆ ಮಾಲೀಕ ಡ್ರೈವರಿಗೆ ತಿಳಿಸದೆ ಹಾಕಿಸಿದ ಜಿಪಿಎಸ್ ಟ್ರ್ಯಾಕರು. ಅದು ಸಿಕ್ಕ ದಿನ ಗಲ್ಲಿಯಲ್ಲಿ ಬ್ಯಾಟರಿಗಿಂತ ದೊಡ್ಡ ಜಗಳ ನಡೆಯಿತು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಲಿ ಕಡಿದ ವೈರು. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಬ್ಯಾಟರಿ ತಿನ್ನುತ್ತದೆ ಎಂದು ನಂಬಿ ಅದನ್ನು ಕಿತ್ತು ತಂದವರೂ ಇದ್ದಾರೆ. ಅದಕ್ಕೆ ಕಾರಿನ ಕರೆಂಟೇ ಬೇಡ, ಟೋಲ್ ಗೇಟಿನ ಆಂಟೆನಾದಿಂದ ಬರುವ ಅಲೆಯೇ ಅದಕ್ಕೆ ಸಾಕು.

2020ರ ಲಾಕ್‌ಡೌನಿನಲ್ಲಿ ಲೀಕೇ ಇಲ್ಲದ ಕಾರುಗಳು ಸಾಲಾಗಿ ಸತ್ತವು. ಲೆಕ್ಕ ಸುಲಭ. 30 ಮಿಲಿಆಂಪಿಯರಿನಂತೆ ದಿನಕ್ಕೆ 0.72 ಆಂಪಿಯರ್-ಗಂಟೆ. ಮಾರ್ಚ್ 25ರಿಂದ ಮೇ 3ರವರೆಗೆ ನಲವತ್ತು ದಿನ, ಹತ್ತಿರ ಹತ್ತಿರ 29. ಅಲ್ಲಿಗೆ 35ರ ಬ್ಯಾಟರಿಯಲ್ಲಿ ಸೆಲ್ಫು ತಿರುಗಿಸುವಷ್ಟು ಏನು ಉಳಿಯಿತು? ಖಾಲಿಯಾಗಿ ಹಾಗೇ ಬಿಟ್ಟ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜು ಹಿಡಿಯುವುದಿಲ್ಲ. ಅಂಗಡಿ ತೆರೆದ ವಾರ ನಾನು ಮಾರಿದಷ್ಟು ಬ್ಯಾಟರಿ ಹಿಂದೆಂದೂ ಮಾರಿರಲಿಲ್ಲ. ಜನ ತಮ್ಮ ಕಾರಿಗೆ ಏನೋ ಆಗಿದೆ ಎಂದೇ ಬಂದರು. ಮೈನಸ್ ಕೇಬಲ್ ಬಿಚ್ಚಿಟ್ಟಿದ್ದರೆ, ಅಥವಾ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದ್ದರೆ ಸಾಕಿತ್ತು. ಗಿರಾಕಿ ಕೇಳಿದಾಗ ಹೇಳಿದೆ. ಕೇಳದವರಿಗೆ ಬಿಲ್ಲು ಬರೆದೆ.

ಕಂಪನಿ ಸರ್ವೀಸ್ ಸೆಂಟರುಗಳಲ್ಲಿ ಈ ಹುಡುಕಾಟ ಅಪರೂಪವಾದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಕಾರು ಮಲಗಲಿ ಎಂದು ಕಾಯುವ ಅರ್ಧ ಗಂಟೆಯನ್ನು ಯಾವ ಬಿಲ್ಲಿನ ಯಾವ ಸಾಲಿನಲ್ಲಿ ಬರೆಯುವುದು? ಬ್ಯಾಟರಿ ಬದಲಿಸಿದರೆ ಹತ್ತು ನಿಮಿಷ, ವಾರಂಟಿ ಕಾರ್ಡು, ಗಿರಾಕಿ ನಗುತ್ತ ಹೋಗುತ್ತಾನೆ. ಆ ವ್ಯವಸ್ಥೆಯಿಂದಲೇ ನನ್ನ ಮನೆ ನಡೆದದ್ದೂ ಹೌದು. ಆದರೂ ಸಿಕ್ಕಿದರೆ ಮಾತ್ರ ಕೂಲಿ, ಸಿಗದಿದ್ದರೆ ಇಲ್ಲ ಅನ್ನುವ ಮೇಸ್ತ್ರಿಗಳ ಕಾಲದ ರೂಢಿ ಈ ವಿದ್ಯೆಯನ್ನು ಕೊಲ್ಲುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಮೇಸ್ತ್ರಿ ಈಗ ಊರಿನಲ್ಲಿದ್ದಾರೆ. ಆ ಮಳಿಗೆ ಶಿಷ್ಯನದು. ಅವನು ಹುಡುಕುವುದಕ್ಕೇ ಬೇರೆ ದರ ಇಟ್ಟಿದ್ದಾನೆ, ಸಿಗಲಿ ಬಿಡಲಿ. ಮೊದಮೊದಲು ಗಿರಾಕಿಗಳು ಎದ್ದು ಹೋದರು. ಈಗ ಬರುತ್ತಾರೆ.

ಹೋದ ವರ್ಷ ಅವನಲ್ಲಿಗೆ ಒಂದು ಎಲೆಕ್ಟ್ರಿಕ್ ಕಾರನ್ನು ಟ್ರಕ್ಕಿನ ಮೇಲೆ ಹೇರಿಕೊಂಡು ತಂದರು. ಮಾಲೀಕರು ಕೆಂಡವಾಗಿದ್ದರು. "ಹಿಂದಿನ ದಿನ ನೋಡಿದೀನಿ, ಎಂಬತ್ತು ಪರ್ಸೆಂಟ್ ಚಾರ್ಜ್ ಇತ್ತು ಕಣ್ರೀ, ಈಗ ಬಾಗಿಲೇ ತೆಗೀತಿಲ್ಲ." ಸೀಟಿನ ಕೆಳಗಿನ ದೊಡ್ಡ ಬ್ಯಾಟರಿಯನ್ನು ಮೋಟರಿಗೆ ಜೋಡಿಸುವ ಸ್ವಿಚ್ಚನ್ನು ಎಳೆಯುವುದೇ ಮುಂದೆ ಬಾನೆಟ್ಟಿನೊಳಗೆ ಕೂತ ಸಾಮಾನ್ಯ 12 ವೋಲ್ಟಿನ ಬ್ಯಾಟರಿ, ಅದು ಸತ್ತರೆ ದೊಡ್ಡದು ಇದ್ದೂ ಇಲ್ಲದಂತೆ ಎಂದು ಅವರಿಗೆ ತಿಳಿಸುವುದೇ ಒಂದು ಕೆಲಸವಾಯಿತು. ಮೀಟರು ಹಾಕಿ ಕಾದು ನೋಡಿದರೆ ಹೊರಗಡೆ ಹಾಕಿಸಿದ ಡ್ಯಾಶ್ ಕ್ಯಾಮೆರಾ, ನಿಂತಾಗಲೂ ರೆಕಾರ್ಡ್ ಮಾಡುತ್ತ 300 ಮಿಲಿಆಂಪಿಯರು ಎಳೆಯುತ್ತಿತ್ತು. ಹಳೆಯ ಬ್ಯಾಟರಿ ಚಾರ್ಜು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಹೊಸದನ್ನು ನಾನು ಕೊಟ್ಟೆ. ಅವನು ಕ್ಯಾಮೆರಾದ ವೈರನ್ನು ಕಾರು ಆಫ್ ಮಾಡಿದಾಗ ಆರುವ ಫ್ಯೂಸಿಗೆ ಬದಲಾಯಿಸಿ, ಹುಡುಕಿದ್ದಕ್ಕೆ ಬೇರೆ ಬಿಲ್ಲು ಬರೆದ. ಮಾಲೀಕರು ಅವನ ಬಿಲ್ಲಿಗೆ ಮಾತಿಲ್ಲದೆ ದುಡ್ಡು ಕೊಟ್ಟರು. ಚೌಕಾಸಿ ಮಾಡಿದ್ದು ನನ್ನ ಹತ್ತಿರ.