ಹಾಲು ಕರೆಯುವ ಮನೆಯಲ್ಲಿ ಹಾಡಿನ ಕೆಲಸ

ಹಾಡು ರೆಕಾರ್ಡ್ ಮಾಡಿಸಬೇಕು ಅಂದರೆ ಬೆಂಗಳೂರು ಬಸ್ ಹತ್ತಬೇಕು ಅನ್ನೋದು ನಮ್ಮ ಕಡೆ ಮಾತು. ಆದರೆ ಜಗತ್ತಿನ ಹೆಸರಾಂತ ಸ್ಟುಡಿಯೋಗಳಲ್ಲಿ ಒಂದು ಶುರುವಾಗಿದ್ದು ಹಸು ಸಾಕುತ್ತಿದ್ದ ರೈತರ ಮನೆಯಲ್ಲಿ.

ಅದು ಬ್ರಿಟನ್ನಿನ ವೇಲ್ಸ್‌ನಲ್ಲಿದೆ. ಮಾನ್ಮತ್ ಎಂಬ ಸಣ್ಣ ಪೇಟೆ, ಅದರ ಪಕ್ಕದ ಹಳ್ಳಿ ರಾಕ್‌ಫೀಲ್ಡ್. ಕಿಂಗ್ಸ್ಲಿ ವಾರ್ಡ್ ಮತ್ತು ಚಾರ್ಲ್ಸ್ ವಾರ್ಡ್ ಎಂಬ ಸಹೋದರರಿಗೆ ಮನೆತನದ ಕಸುಬು ಹೈನುಗಾರಿಕೆ, ಹುಚ್ಚು ಮಾತ್ರ ಸಂಗೀತದ್ದು. 1960ರ ದಶಕದಲ್ಲಿ ಮನೆಯ ಅಟ್ಟದ ಮೇಲೆ ರೆಕಾರ್ಡಿಂಗ್ ಶುರು ಮಾಡಿದರು. ಒಂದು ಕಡೆ ಹಾಲು ಕರೆಯೋದು, ಇನ್ನೊಂದು ಕಡೆ ಹಾಡು. ಆಮೇಲೆ ಒಂದೊಂದಾಗಿ ಕೊಟ್ಟಿಗೆ, ಕುದುರೆ ಲಾಯಗಳೂ ಸ್ಟುಡಿಯೋ ಆದವು. ಬಂದ ಕಲಾವಿದರು ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಹೀಗೆ ಉಳಿದುಕೊಂಡು ಹಾಡುವ ಸ್ಟುಡಿಯೋಗಳಲ್ಲಿ ಜಗತ್ತಿಗೇ ಮೊದಲನೆಯದು ಅಂತ ಅದಕ್ಕೆ ಹೆಸರು.

1970ರಲ್ಲಿ ಡೇವ್ ಎಡ್ಮಂಡ್ಸ್ ಅಲ್ಲಿ ಮಾಡಿದ ಒಂದು ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1975ರಲ್ಲಿ ಕ್ವೀನ್ ತಂಡ ಬಂತು. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ. ಸುಮಾರು 6 ನಿಮಿಷದ ‘ಬೊಹೀಮಿಯನ್ ರಾಪ್ಸಡಿ’ಯ ರೆಕಾರ್ಡಿಂಗ್ ಶುರುವಾಗಿದ್ದು ಈ ಹಳ್ಳಿಯಲ್ಲೇ. 1995ರಲ್ಲಿ ಒಯಾಸಿಸ್ ತಂಡವೂ ಇಲ್ಲೇ ಉಳಿದು ತನ್ನ ಪ್ರಸಿದ್ಧ ಆಲ್ಬಮ್ ಮಾಡಿಕೊಂಡು ಹೋಯಿತು.

ಲಂಡನ್ನಿನಲ್ಲಿ ಸ್ಟುಡಿಯೋಗಳಿಗೇನು ಬರವಿರಲಿಲ್ಲ. ಆದರೂ ಯಾಕೆ ಇಷ್ಟು ದೂರ ಬಂದರು? ಹಳ್ಳಿಯಲ್ಲಿ ಉಳಿದರೆ ಗಡಿಯಾರ ನೋಡಿ ಹಾಡಬೇಕಿಲ್ಲ. ನಡುರಾತ್ರಿ ಹಾಡು ಹೊಳೆದರೆ ಎದ್ದು ಅಂಗಳ ದಾಟಿದರೆ ಸಾಕು. ಹೊಳೆಯದಿದ್ದರೆ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿ ಬರಬಹುದು.

ಇದರ ಬೆಲೆ ನಮಗೆ ತಿಳಿದದ್ದು ನಮ್ಮೂರ ಸೋಬಾನೆ ಅಜ್ಜಿಯಿಂದ. ಅವರ ಪದಗಳನ್ನು ಉಳಿಸಬೇಕು ಅಂತ ದುಡ್ಡು ಕೂಡಿಸಿ ಸಿಟಿಯ ಸ್ಟುಡಿಯೋ ಒಂದಕ್ಕೆ ಕರೆದುಕೊಂಡು ಹೋಗಿದ್ದೆವು. ಗಂಟೆ ಲೆಕ್ಕದ ಬಾಡಿಗೆ. ಎ.ಸಿ. ರೂಮು, ಕಿವಿಗೆ ಹೆಡ್‌ಫೋನು, ಗಾಜಿನ ಆಚೆಯಿಂದ ‘ಬೇಗ ಬೇಗ’ ಎಂಬ ಸನ್ನೆ. ಅಜ್ಜಿ ಎರಡು ಪದ ಹೇಳಿ ಸುಮ್ಮನಾದರು. “ಹೊತ್ತು ನೋಡ್ಕೊಂಡು ಪದ ಹೇಳಕ್ಕಾಯ್ತದಾ ಮಗ? ಜೊತೆಗೆ ಸೊಲ್ಲು ಹಿಡಿಯೋರು ಬ್ಯಾಡ್ವಾ?” ಅಂದರು.

ಆಮೇಲೆ ಊರಲ್ಲೇ, ಅವರ ಮನೆ ನಡುಮನೆಯಲ್ಲಿ, ಫೋನಿನಲ್ಲೇ ರೆಕಾರ್ಡ್ ಮಾಡಿದೆವು. ಓರಗಿತ್ತಿಯರು ಸೊಲ್ಲು ಹಿಡಿದರು, ಎಲೆ ಅಡಿಕೆ ತಟ್ಟೆ ಪಕ್ಕದಲ್ಲಿತ್ತು. ಒಂದೇ ರಾತ್ರಿ 9 ಪದ ಬಂದವು. ಮುಂದಿನ ಸುಗ್ಗಿಗೆ ಮತ್ತೆ ಕೂರೋಣ ಅಂದುಕೊಂಡಿದ್ದೆವು. ಸುಗ್ಗಿ ಬಂತು, ಅಜ್ಜಿ ಇರಲಿಲ್ಲ. ಅವರಿಗೆ ಬರುತ್ತಿದ್ದ ನೂರಾರು ಪದಗಳಲ್ಲಿ ನಮ್ಮ ಹತ್ತಿರ ಇರೋದು ಆ 11 ಮಾತ್ರ.

ರಾಕ್‌ಫೀಲ್ಡ್‌ನಂಥ ಸ್ಟುಡಿಯೋ ನಾಳೆಯೇ ನಮ್ಮೂರಿಗೆ ಬರಲ್ಲ. ಆದರೆ ಅದರ ಗುಟ್ಟು ದುಬಾರಿ ಮೆಷಿನ್ ಒಂದೇ ಅಲ್ಲ. ಊಟ, ಹಾಸಿಗೆ, ಬಿಡುವು ಕೂಡ. ಇವು ನಮ್ಮಲ್ಲೂ ಇವೆ. ದಪ್ಪ ಮಣ್ಣಿನ ಗೋಡೆಯ ಹಳೇ ಮನೆ ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಗೋಡೆಗೆ ಕಂಬಳಿ ಇಳಿಬಿಟ್ಟು, ಮೂಲೆಗಳಲ್ಲಿ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಿದರೆ ದನಿ ಮಾರ್ದನಿಸುವುದು ಕಡಿಮೆಯಾಗುತ್ತದೆ. ತಗಡಿನ ಶೀಟಿನ ಮನೆ ಬೇಡ, ಮಳೆ ಹನಿದರೆ ಮುಗಿಯಿತು. ಫ್ಯಾನು ಆರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಹಾಡುವವರ ಬಾಯಿಂದ ಒಂದು ಮೊಳ ದೂರದಲ್ಲಿಡಿ. ಪಂಪ್‌ಸೆಟ್ ನಿಂತ ಮೇಲೆ ಶುರು ಮಾಡಿ.

ನಮ್ಮೂರಲ್ಲಿ ಇನ್ನೂ ಮೂವರು ಪದ ಹೇಳುವವರಿದ್ದಾರೆ. ಈ ಸಲ ಸುಗ್ಗಿಗೆ ಕಾಯುವುದಿಲ್ಲ. ನಿಮ್ಮೂರಲ್ಲಿ ಎಷ್ಟು ಜನ ಇದ್ದಾರೆ ಎಂದು ಇವತ್ತೇ ಎಣಿಸಿ ನೋಡಿ.