ಅಪ್ಪನ ಪಟ್ಟಿ, ನನ್ನ ಮ್ಯಾಕ್ರೋ

ಕಳೆದ ತಿಂಗಳು ರಜೆ ಹಾಕಿ ಅಗರಕ್ಕೆ ಹೋಗಿದ್ದೆ. ಕೊಳ್ಳೇಗಾಲದಲ್ಲಿ ಬಸ್ ಬದಲಾಯಿಸಿ ಮನೆ ಸೇರುವಾಗ ರಾತ್ರಿ ಒಂಬತ್ತು. ಅಪ್ಪ ಊಟಕ್ಕೂ ಏಳದೆ ಲ್ಯಾಪ್‌ಟಾಪ್ ಮುಂದೆ ಕೂತಿದ್ರು.

ಅಪ್ಪ ನಿವೃತ್ತ ಮೇಷ್ಟ್ರು. ಪಕ್ಕದೂರಿನ ಹಾಲಿನ ಡೈರಿಗೆ ಕಾಗದ ಪತ್ರ ಬರೆದುಕೊಡ್ತಾರೆ. ಮಹಾಸಭೆಯ ನೋಟಿಸ್ 180 ಸದಸ್ಯರಿಗೆ ಹೋಗಬೇಕಿತ್ತು. ಹೆಸರುಗಳು ಎಕ್ಸೆಲ್‌ನಲ್ಲಿ, ನೋಟಿಸ್ ವರ್ಡ್‌ನಲ್ಲಿ. ಅಪ್ಪ ಒಂದೊಂದೇ ಹೆಸರು ಕಾಪಿ ಮಾಡಿ, ಪೇಸ್ಟ್ ಮಾಡಿ, ಪ್ರಿಂಟ್ ಕೊಡ್ತಿದ್ರು. ಕಣ್ಣಿನ ಪೊರೆ ಆಪರೇಷನ್ ಆಗಿ ಎರಡು ತಿಂಗಳೂ ಆಗಿರಲಿಲ್ಲ.

"ಏಳಿ ಅಪ್ಪ, ಇದು ಅರ್ಧ ಗಂಟೆ ಕೆಲಸ" ಅಂದೆ.

ಮೇಲ್ ಮರ್ಜ್‌ನಲ್ಲೂ ಮಾಡಬಹುದಿತ್ತು. ಆದರೆ ಅದರ ಒಂದೊಂದು ಹಂತವನ್ನೂ ಅಪ್ಪ ನೆನಪಿಟ್ಟುಕೊಳ್ಳಬೇಕು. ಒಂದೇ ಬಟನ್ ಇರಲಿ ಅಂತ ಎಕ್ಸೆಲ್‌ನಲ್ಲಿ ಆಲ್ಟ್ ಜೊತೆ ಎಫ್11 ಒತ್ತಿ ವಿಬಿಎ ಕಿಟಕಿ ತೆಗೆದೆ. ಕೋಡ್ ದೊಡ್ಡದೇನಲ್ಲ. 'ಕ್ರಿಯೇಟ್‌ಆಬ್ಜೆಕ್ಟ್' ಅಂತ ಬರೆದು ವರ್ಡನ್ನು ಕರೆಯಬೇಕು, 'ಡಾಕ್ಯುಮೆಂಟ್ಸ್.ಓಪನ್' ಅಂತ ಫೈಲ್ ಇರುವ ಜಾಗ ಹೇಳಬೇಕು. ಹೀಗೆ ಕರೆದರೆ ಅಪ್ಪನ ಹಳೇ ಆಫೀಸ್‌ನಲ್ಲೂ ನಡೆಯುತ್ತೆ. ತೊಡಕು ಒಂದೇ: ವಿಬಿಎ ಕಿಟಕಿಯಲ್ಲಿ ಕನ್ನಡ ಬರೆದರೆ ಬರೀ ಪ್ರಶ್ನೆ ಚಿಹ್ನೆ. ಹಾಗಾಗಿ ಕನ್ನಡವನ್ನೆಲ್ಲ ಎಕ್ಸೆಲ್ ಸೆಲ್‌ಗಳಲ್ಲಿ, ವರ್ಡ್ ಫೈಲಿನಲ್ಲೇ ಬಿಟ್ಟು, ಕೋಡಿಗೆ ಸಾಗಿಸುವ ಕೆಲಸ ಮಾತ್ರ ಕೊಟ್ಟೆ.

ಬಟನ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ.

"ಏನೂ ಕಾಣ್ಲಿಲ್ವಲ್ಲಪ್ಪ" ಅಂದ್ರು ಅಪ್ಪ.

ಟಾಸ್ಕ್ ಮ್ಯಾನೇಜರ್ ತೆಗೆದರೆ ಎರಡು ವರ್ಡ್ ಒಳಗೊಳಗೇ ಓಡ್ತಿವೆ! ಕೋಡಿನಿಂದ ಕರೆದ ವರ್ಡ್ ಮರೆಯಲ್ಲೇ ತೆರೆದುಕೊಳ್ಳುತ್ತೆ. 'ವಿಸಿಬಲ್ = ಟ್ರೂ' ಅಂದರೇನೇ ಮುಖ ತೋರಿಸೋದು. 'ಕ್ವಿಟ್' ಅನ್ನದಿದ್ದರೆ ಹೋಗೋದೂ ಇಲ್ಲ. ಎಂಟು ವರ್ಷ ಬೆಂಗಳೂರಿನಲ್ಲಿ ಕೋಡ್ ಬರೆದವನ ಮಾನ ಅಪ್ಪನ ಮುಂದೆ ಹೋಯ್ತು.

ಅದನ್ನು ಸರಿಮಾಡಿ, ಹಟಕ್ಕೆ ಬಿದ್ದು, ನೋಟಿಸ್‌ಗಳೆಲ್ಲ ನೇರ ಪ್ರಿಂಟರ್‌ಗೇ ಹೋಗುವಂತೆ ಬರೆದೆ. ಸರಸರ ಹೊರಗೆ ಬಂದವು. ಅಪ್ಪ ಒಂದೊಂದೇ ಹಾಳೆ ನೋಡ್ತಾ ನೋಡ್ತಾ ಒಂದನ್ನು ಪಕ್ಕಕ್ಕಿಟ್ರು.

"ಇವ್ರು ತೀರ್ಕೊಂಡು ಮೂರು ತಿಂಗ್ಳಾಯ್ತು ಕಣಪ್ಪ. ಇದನ್ನ ಆ ಯಮ್ಮನ ಕೈಗೆ ಹೆಂಗೆ ಕೊಡೋದು?"

ನನಗೆ ಮಾತೇ ಹೊರಡಲಿಲ್ಲ. ಪಟ್ಟಿಯಲ್ಲಿ ಹೆಸರಿತ್ತು, ಕೋಡ್ ಹಾಕಿತ್ತು. ಅಪ್ಪ ಒಂದೊಂದೇ ಹೆಸರು ಪೇಸ್ಟ್ ಮಾಡೋದು ಟೈಮ್ ವೇಸ್ಟ್ ಅಂತ ನಾನು ತಿಳಿದಿದ್ದೆ. ಅವರು ಅಷ್ಟು ಹೊತ್ತೂ ಒಂದೊಂದು ಮನೆಯನ್ನು ನೆನೆಸಿಕೊಳ್ತಿದ್ರು.

ಬೆಳಿಗ್ಗೆ ಎದ್ದವನೇ ಪ್ರಿಂಟ್ ಮಾಡುವ ಸಾಲನ್ನು ಅಳಿಸಿದೆ. ಈಗ ಹೆಸರಿನ ಮೇಲೆ ಕ್ಲಿಕ್ ಮಾಡಿ ಬಟನ್ ಒತ್ತಿದರೆ, ಆ ಹೆಸರು ಸೇರಿಕೊಂಡ ನೋಟಿಸ್ ವರ್ಡ್‌ನಲ್ಲಿ ದೊಡ್ಡದಾಗಿ ತೆರೆದು ನಿಲ್ಲುತ್ತೆ. ಅಷ್ಟೇ. ಓದಿ, ಸರಿಯಿದ್ದರೆ ಅಪ್ಪನೇ ಪ್ರಿಂಟ್ ಕೊಡಬೇಕು. ಕೊನೆಗೆ ಫೈಲನ್ನು ಎಕ್ಸ್‌ಎಲ್‌ಎಸ್‌ಎಂ ಆಗಿ ಸೇವ್ ಮಾಡಿದೆ. ಮಾಮೂಲಿ ಎಕ್ಸೆಲ್ ಫೈಲಾಗಿ ಉಳಿಸಿದರೆ ಮ್ಯಾಕ್ರೋ ಹೋಗಿಬಿಡುತ್ತೆ.

ಅರ್ಧ ಗಂಟೆ ಕೆಲಸ ಅಂದಿದ್ದು ಮೂರು ಸಂಜೆ ಹಿಡೀತು. ಪಟ್ಟಿಯಲ್ಲಿ ನಾಲ್ಕು ಹೆಸರು ತಿದ್ದಿದ್ವಿ. ಪಕ್ಕಕ್ಕಿಟ್ಟಿದ್ದ ಆ ನೋಟಿಸನ್ನು ಹರಿದು, ಸದಸ್ಯತ್ವವನ್ನು ಹೆಂಡತಿ ಹೆಸರಿಗೆ ಮಾಡಿಸುವ ಅರ್ಜಿ ಹಿಡಿದುಕೊಂಡು ಅಪ್ಪನೇ ಅವರ ಮನೆಗೆ ಹೋಗಿ ಬಂದ್ರು.