ಅಡುಗೆಮನೆಯಿಲ್ಲದ ಮನೆಗಳ ಊರು

ಮನೆ ಕಟ್ಟುವಾಗ ನಾವು ಹೆಂಗಸರು ಮೊದಲು ಯೋಚಿಸುವುದು ಅಡುಗೆಮನೆಯ ಬಗ್ಗೆ. ಒಲೆ ಎಲ್ಲಿರಬೇಕು, ಬೆಳಕು ಯಾವ ಕಡೆಯಿಂದ ಬರಬೇಕು, ಪಾತ್ರೆ ತೊಳೆಯುವ ಜಾಗ ಎಲ್ಲಿ ಎಂದೆಲ್ಲ ಲೆಕ್ಕ ಹಾಕುತ್ತೇವೆ. ಅಡುಗೆಮನೆಯೇ ಇಲ್ಲದ ಮನೆಯನ್ನು ನೀವು ಊಹಿಸಬಲ್ಲಿರಾ? ಒಂದೆರಡು ಮನೆಗಳಲ್ಲ, ಇಡೀ ಊರೇ ಹಾಗಿದ್ದರೆ? ಮಲಗಲು ಕೋಣೆಯಿದೆ, ಕುಳಿತು ಹೊಲಿಯಲು ಜಾಗವಿದೆ, ಹೊರಗೋಡೆಗೆ ದ್ರಾಕ್ಷಿಬಳ್ಳಿ ಹಬ್ಬಿದೆ. ಆದರೆ ಅನ್ನ ಬೇಯಿಸುವ ಒಲೆ ಮಾತ್ರ ಇಲ್ಲ!

ಅಮೆರಿಕದ ಅಯೋವಾ ರಾಜ್ಯದಲ್ಲಿ, ಸೀಡರ್ ರ‍್ಯಾಪಿಡ್ಸ್ ನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿ ಅಂತಹ ಏಳು ಹಳ್ಳಿಗಳಿದ್ದವು. ಜರ್ಮನಿಯಿಂದ ವಲಸೆ ಬಂದವರು ಕಟ್ಟಿದ ಈ ಹಳ್ಳಿಗಳಿಗೆ ಒಟ್ಟಾಗಿ ಅಮಾನಾ ಎಂದು ಹೆಸರು. ಈ ಹೆಸರು ಕೇಳಿದಾಗ ನಿಮಗೆ ಯಾವುದೋ ಪರಿಚಿತ ಪದ ನೆನಪಾಗಿರಬಹುದು. ನಿಮ್ಮ ಊಹೆ ಸರಿ. ಬೈಬಲಿನ ಪರಮಗೀತದಲ್ಲಿ ಬರುವ ಒಂದು ಬೆಟ್ಟದ ಹೆಸರನ್ನು ಅವರು ತಮ್ಮ ಊರಿಗಿಟ್ಟರು. ನಿಷ್ಠೆಯಿಂದಿರುವುದು, ನಂಬಿಕೆಯಲ್ಲಿ ದೃಢವಾಗಿರುವುದು ಎಂಬ ಅರ್ಥದಲ್ಲಿ ಅವರು ಅದನ್ನು ಬಳಸಿದರು. ಹೀಬ್ರೂ ಮತ್ತು ಅರಬಿ ಸೋದರ ಭಾಷೆಗಳು. ನಾವು ದಿನವೂ ಬಳಸುವ ಈಮಾನ್, ಅಮಾನತ್, ಆಮೀನ್ ಎಂಬ ಪದಗಳೂ ಅದೇ ಬೇರಿನವು.

ಈ ಜನರ ಕಥೆ ಆರಂಭವಾಗುವುದು 1714ರಲ್ಲಿ, ಜರ್ಮನಿಯ ಹೆಸ್ಸೆ ಪ್ರಾಂತದ ಹಿಂಬಾಖ್ ಎಂಬ ಹಳ್ಳಿಯಲ್ಲಿ. ಆಡಂಬರದ ಚರ್ಚ್ ಬೇಡ, ಸರಳ ಪ್ರಾರ್ಥನೆ ಸಾಕು ಎಂದು ಒಂದು ಸಣ್ಣ ಗುಂಪು ಬೇರೆಯಾಯಿತು. ಅವರು ಸೈನ್ಯಕ್ಕೆ ಸೇರಲು ಒಪ್ಪಲಿಲ್ಲ, ಆಣೆ ಮಾಡಲು ಒಪ್ಪಲಿಲ್ಲ, ಸರಕಾರಿ ಚರ್ಚಿನ ಶಾಲೆಗಳಿಗೆ ಮಕ್ಕಳನ್ನು ಕಳುಹಿಸಲೂ ಒಪ್ಪಲಿಲ್ಲ. ಫಲವಾಗಿ ದಂಡ, ಜೈಲು, ಕಿರುಕುಳ. ಮುಂದೆ ಬರಗಾಲ, ಏರುತ್ತಿದ್ದ ಗೇಣಿಯ ಹೊರೆಯೂ ಸೇರಿಕೊಂಡಿತು. 1842ರಲ್ಲಿ ಕ್ರಿಶ್ಚಿಯನ್ ಮೆಟ್ಸ್ ಎಂಬ ಬಡಗಿಯ ನೇತೃತ್ವದಲ್ಲಿ ಅವರು ಅಮೆರಿಕಕ್ಕೆ ಹಡಗು ಹತ್ತಿದರು.

ಮೊದಲು ನೆಲೆಸಿದ್ದು ನ್ಯೂಯಾರ್ಕ್ ರಾಜ್ಯದ ಬಫೆಲೋ ನಗರದ ಬಳಿ. ಅದು ಖಾಲಿ ಬಿದ್ದ ಜಮೀನಲ್ಲ, ಸೆನೆಕಾ ಎಂಬ ಮೂಲನಿವಾಸಿಗಳ ನೆಲ. ಭೂಮಿ ಮಾರಾಟದ ಕಂಪನಿಯೊಂದು ಅದನ್ನು ಇವರಿಗೆ ಮಾರಿತ್ತು. ಸೆನೆಕಾ ಜನರು ಬಿಟ್ಟುಹೋಗಲು ಒಪ್ಪದೆ ಹಲವು ಕಾಲ ತಕರಾರು ನಡೆಯಿತು. ತಾವೇ ನಿರ್ವಸಿತರಾಗಿ ಬಂದವರು ಇನ್ನೊಬ್ಬರು ಕಳೆದುಕೊಂಡ ಮಣ್ಣಿನ ಮೇಲೆ ಮನೆ ಕಟ್ಟಿದರು ಎಂಬುದನ್ನು ನಾವು ಮರೆಯಬಾರದು.

ಗುಂಪಿನಲ್ಲಿ ಹಣವಂತರೂ ಇದ್ದರು, ಕೈಯಲ್ಲಿ ಕಾಸಿಲ್ಲದವರೂ ಇದ್ದರು. ಜಮೀನು ಹಂಚಿಕೊಂಡರೆ ಬಡವರು ಬಡವರಾಗಿಯೇ ಉಳಿಯುತ್ತಾರೆ. ಆದ್ದರಿಂದ ಎಲ್ಲವೂ ಎಲ್ಲರದು ಎಂದು ತೀರ್ಮಾನಿಸಿದರು. ಬಫೆಲೋ ನಗರ ಬೆಳೆದು ಹತ್ತಿರ ಬಂದಾಗ 1855ರಲ್ಲಿ ಅಯೋವಾ ನದಿಯ ಕಣಿವೆಗೆ ಸ್ಥಳಾಂತರವಾಗತೊಡಗಿದರು. ಅಲ್ಲಿ ಸುಮಾರು 26,000 ಎಕರೆ ಜಮೀನು ಅವರ ಕೂಡುಸ್ವತ್ತಾಯಿತು.

ಇನ್ನು ಅಡುಗೆಮನೆಯ ವಿಷಯಕ್ಕೆ ಬರೋಣ. ಏಳು ಹಳ್ಳಿಗಳಲ್ಲಿ ಒಟ್ಟು 50ಕ್ಕೂ ಹೆಚ್ಚು ಸಮುದಾಯ ಅಡುಗೆಮನೆಗಳಿದ್ದವು. ಒಂದೊಂದರಲ್ಲಿ 30-40 ಮಂದಿಗೆ ಊಟ. ಪ್ರತಿಯೊಂದಕ್ಕೂ ಒಬ್ಬಳು ಯಜಮಾನಿ. ಅವಳನ್ನು ಜರ್ಮನ್ ಆಡುಮಾತಿನಲ್ಲಿ ‘ಕ್ಯುಖೆಬಾಸ್’ ಎನ್ನುತ್ತಿದ್ದರು. ಶಾಲೆ ಮುಗಿಸಿದ ಹುಡುಗಿಯರು ಹದಿನಾಲ್ಕು ಹದಿನೈದರ ವಯಸ್ಸಿಗೇ ಇಲ್ಲಿ ಕೆಲಸಕ್ಕೆ ಸೇರುತ್ತಿದ್ದರು. ಅಡುಗೆ, ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಸರದಿಯಂತೆ ಬದಲಾಗುತ್ತಿತ್ತು. ಅಡುಗೆಮನೆಗೊಂದು ದೊಡ್ಡ ತರಕಾರಿ ತೋಟ. ಅದನ್ನು ನೋಡಿಕೊಳ್ಳಲು ಇನ್ನೊಬ್ಬ ಯಜಮಾನಿ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಉಪಾಹಾರ. ಗಂಡಸರಿಗೆ ಬೇರೆ ಮೇಜು, ಹೆಂಗಸರಿಗೆ ಬೇರೆ ಮೇಜು. ಊಟಕ್ಕೆ ಮುಂಚೆಯೂ ಆಮೇಲೆಯೂ ಪ್ರಾರ್ಥನೆ, ನಡುವೆ ಹರಟೆಗೆ ಅವಕಾಶವಿಲ್ಲ. ಪುಟ್ಟ ಕಂದಮ್ಮಗಳಿರುವ ತಾಯಂದಿರಿಗೆ ಅಡುಗೆ ಕೆಲಸದಿಂದ ರಜೆ. ಅವರು ಬುಟ್ಟಿಯಲ್ಲಿ ಊಟ ಒಯ್ಯಬಹುದಿತ್ತು. ಮಗು ಸ್ವಲ್ಪ ದೊಡ್ಡದಾದರೆ ಹಳ್ಳಿಯ ಶಿಶುಶಾಲೆ ನೋಡಿಕೊಳ್ಳುತ್ತಿತ್ತು.

ಇಲ್ಲಿ ಒಂದು ಅಂಶ ಗಮನಿಸಿ. ನಮ್ಮಲ್ಲಿ “ಮನೆಯಲ್ಲೇ ಇದ್ದಾಳೆ, ಕೆಲಸವೇನೂ ಇಲ್ಲ” ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅಮಾನಾದಲ್ಲಿ ಅಡುಗೆಯೂ ಬಡಗಿ ಕೆಲಸದಷ್ಟೇ, ಗಿರಣಿ ಕೆಲಸದಷ್ಟೇ ಲೆಕ್ಕಕ್ಕೆ ಬರುವ ಕೆಲಸವಾಗಿತ್ತು. ಹಾಗೆಂದು ಅದು ಹೆಂಗಸರ ಸ್ವರ್ಗವೇನೂ ಆಗಿರಲಿಲ್ಲ. ಊರನ್ನು ನಡೆಸುವ ಹಿರಿಯರ ಮಂಡಳಿಯಲ್ಲಿ ಇದ್ದವರು ಗಂಡಸರೇ. ಮದುವೆಯಾದರೆ ಧಾರ್ಮಿಕ ದರ್ಜೆಯಲ್ಲಿ ಕೆಳಗಿಳಿಯಬೇಕಿತ್ತು. ಆದರೂ ಅವರ ನಡುವೆ ಬಾರ್ಬರಾ ಹೈನೆಮನ್ ಎಂಬ ಮಹಿಳೆಯಿದ್ದಳು. ಓದು ಬರಹವಿಲ್ಲದ ಮನೆಗೆಲಸದ ಹುಡುಗಿಯಾಗಿ ಬಂದವಳು ಅವಳು. ಅವಳಿಗೆ ದೈವಪ್ರೇರಣೆಯಿದೆ ಎಂದು ಆ ಜನ ನಂಬಿದರು. 1823ರಲ್ಲಿ ಮದುವೆಯಾದಾಗ ಆ ಸ್ಥಾನ ಕಳೆದುಕೊಂಡಳು. 1849ರಲ್ಲಿ ಅದು ಮರಳಿ ಸಿಕ್ಕಿತು. 1867ರಲ್ಲಿ ಮೆಟ್ಸ್ ತೀರಿಕೊಂಡ ಮೇಲೆ 1883ರಲ್ಲಿ ತಾನು ಸಾಯುವ ತನಕ ಆ ಸಮುದಾಯದ ಆಧ್ಯಾತ್ಮಿಕ ಮಾರ್ಗದರ್ಶಕಿಯಾಗಿದ್ದವಳು ಅವಳೇ.

ಹಾಗಾದರೆ ಆ ವ್ಯವಸ್ಥೆ ಮುರಿದದ್ದು ಹೇಗೆ? ಒಂದೇ ದಿನದಲ್ಲಿ ಅಲ್ಲ. ಕ್ರಮೇಣ ಎಲ್ಲರೂ ಬುಟ್ಟಿ ತಂದು ಊಟವನ್ನು ಮನೆಗೆ ಒಯ್ಯತೊಡಗಿದರು. ಒಟ್ಟಿಗೆ ಉಣ್ಣುವ ಮೇಜು ಬರಿದಾಯಿತು. ಕೆಲವರು ಕೆಲಸ ತಪ್ಪಿಸಿಕೊಂಡರು. ಅವರ ಬದಲಿಗೆ ಹೊರಗಿನ ಕೂಲಿಯಾಳುಗಳನ್ನು ಕರೆಸಬೇಕಾಯಿತು. ರೈಲು, ಮೋಟಾರು ಕಾರು ಹೊರಲೋಕದ ಆಸೆಗಳನ್ನು ಹೊತ್ತು ತಂದವು. ಯುವಕ ಯುವತಿಯರು ಊರು ಬಿಟ್ಟರು. 1923ರಲ್ಲಿ ಉಣ್ಣೆ ಗಿರಣಿ, ಹಿಟ್ಟಿನ ಗಿರಣಿಗಳಿಗೆ ಬೆಂಕಿ ಬಿತ್ತು. ವಿಮೆ ಇರಲಿಲ್ಲ. ಅದರ ಬೆನ್ನಿಗೇ ಜಗತ್ತಿನ ಆರ್ಥಿಕ ಕುಸಿತ. ಕೊನೆಗೆ ಊರವರೇ ಮತ ಹಾಕಿ 1932ರಲ್ಲಿ ಕೂಡುಬಾಳ್ವೆಯನ್ನು ಕೊನೆಗೊಳಿಸಿದರು. ಧರ್ಮಸಭೆ ಬೇರೆಯಾಯಿತು, ವ್ಯಾಪಾರ ಬೇರೆಯಾಯಿತು. ಜಮೀನು, ಗಿರಣಿಗಳು ಷೇರು ಕಂಪನಿಯ ಪಾಲಾದವು, ಸದಸ್ಯರೇ ಷೇರುದಾರರಾದರು. ಆ ವರ್ಷವನ್ನು ಅವರು ಇಂದಿಗೂ ‘ಮಹಾ ಬದಲಾವಣೆ’ ಎಂದೇ ಕರೆಯುತ್ತಾರೆ.

ಸಮುದಾಯ ಅಡುಗೆಮನೆಗಳು ಮುಚ್ಚಿದವು. ಮನೆಗಳಲ್ಲಿ ಒಲೆಗೆ ಜಾಗ ಹುಡುಕಬೇಕಾಯಿತು. ನಲವತ್ತು ಜನರಿಗೆ ಬೇಯಿಸಿ ಅಭ್ಯಾಸವಿದ್ದ ಕೈಗಳು ಇನ್ನು ನಾಲ್ಕೈದು ಜನರಿಗೆ ಅಳತೆ ಹಾಕಬೇಕು! ಗಂಡ ಮಕ್ಕಳೊಂದಿಗೆ ಒಂದೇ ಮೇಜಿನಲ್ಲಿ ಮಾತಾಡುತ್ತಾ ಉಣ್ಣುವ ಸಂತೋಷ ಸಿಕ್ಕಿತು. ಆದರೆ ಸರದಿಯಲ್ಲಿ ಹೆಗಲು ಕೊಡುವ ಹತ್ತು ಜೊತೆಗಾತಿಯರು ಇಲ್ಲವಾದರು.

ಮುಂದಿನದು ಇನ್ನೂ ಸ್ವಾರಸ್ಯಕರ. ಅದೇ ಊರಿನ ಜಾರ್ಜ್ ಫೋರ್ಸ್ಟ್‌ನರ್ 1934ರಲ್ಲಿ ಪಾನೀಯ ತಂಪಾಗಿಸುವ ಪೆಟ್ಟಿಗೆಗಳನ್ನು ತಯಾರಿಸತೊಡಗಿದರು. ಮಿಡಲ್ ಅಮಾನಾ ಹಳ್ಳಿಯಲ್ಲಿ ಬೆಳೆದ ಆ ಉದ್ಯಮವೇ ‘ಅಮಾನಾ’ ಫ್ರಿಜ್ ಕಂಪನಿ. 1967ರಲ್ಲಿ ಅದು ಅಡುಗೆಮನೆಯ ಕಟ್ಟೆಯ ಮೇಲಿಡುವ ‘ರಾಡಾರೇಂಜ್’ ಮೈಕ್ರೋವೇವ್ ಒಲೆಯನ್ನು ಮಾರುಕಟ್ಟೆಗೆ ತಂದಿತು. ಮನೆಬಳಕೆಯ ಮೈಕ್ರೋವೇವ್ ಜನಪ್ರಿಯವಾದದ್ದು ಅದರಿಂದಲೇ. ಮನೆಮನೆಯಲ್ಲಿ ಒಲೆಯೇ ಇಲ್ಲದಿದ್ದ ಊರು, ಒಬ್ಬೊಬ್ಬರೇ ಬೇಕಾದಾಗ ಬಿಸಿ ಮಾಡಿ ಉಣ್ಣುವ ಒಲೆಯನ್ನು ಲೋಕಕ್ಕೆ ಕೊಟ್ಟಿತು! 2006ರಲ್ಲಿ ಆ ಕಂಪನಿ ವರ್ಲ್‌ಪೂಲ್ ಸಂಸ್ಥೆಯ ಕೈಸೇರಿತು.

ಅಮಾನಾ ಹಳ್ಳಿಗಳಿಗೆ ಈಗಲೂ ಪುರಸಭೆಯಿಲ್ಲ, ಮೇಯರ್ ಇಲ್ಲ. 1965ರಲ್ಲಿ ಅವುಗಳನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು. ಹೋದರೆ ಗೋಪುರವಿಲ್ಲದ, ಚಿತ್ರಗಳಿಲ್ಲದ ಸರಳ ಪ್ರಾರ್ಥನಾಲಯಗಳನ್ನು ನೀವು ನೋಡಬಹುದು. ಸ್ಮಶಾನದಲ್ಲಿ ಬಡವ ಶ್ರೀಮಂತ ಎನ್ನದೆ ಎಲ್ಲರಿಗೂ ಒಂದೇ ಅಳತೆಯ ಕಲ್ಲು, ತೀರಿಕೊಂಡ ಕ್ರಮದಲ್ಲೇ ಸಾಲು. ಮಿಡಲ್ ಅಮಾನಾದಲ್ಲಿ ಒಂದು ಸಮುದಾಯ ಅಡುಗೆಮನೆಯನ್ನು 1932ರಲ್ಲಿ ಇದ್ದಂತೆಯೇ ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ. ಇಟ್ಟಿಗೆಯ ಉದ್ದನೆಯ ಒಲೆ, ದೊಡ್ಡ ದೊಡ್ಡ ಪಾತ್ರೆಗಳು, ಸಾಲು ಮೇಜು ಬೆಂಚುಗಳು.

ಅವರ ಬದುಕನ್ನು ನಾವು ಹಾಗೆಯೇ ಅನುಸರಿಸಬೇಕಿಲ್ಲ. ಆದರೆ ಆ ಊರಿನ ಹೆಸರು ನೆನಪಿನಲ್ಲಿರಲಿ. ಎಂಟು ದಶಕಗಳ ಹತ್ತಿರ ಆ ಊರು ನಿಂತದ್ದು, ನನ್ನ ಪಾಲಿನ ಕೆಲಸವನ್ನು ಇನ್ನೊಬ್ಬರ ಮೇಲೆ ಹೊರಿಸಲಾರೆ ಎಂಬ ಅಮಾನತ್‌ನ ಮೇಲೆ. ಅದು ಸಡಿಲಗೊಂಡಾಗ 26,000 ಎಕರೆ ಜಮೀನೂ ಅವರನ್ನು ಒಟ್ಟಿಗೆ ಹಿಡಿದಿಡಲಿಲ್ಲ. ಇಂದು ರಾತ್ರಿ ಊಟವಾದ ಮೇಲೆ ತಟ್ಟೆಗಳನ್ನು ಯಾರು ಎತ್ತುತ್ತಾರೆ, ಯಾರು ತೊಳೆಯುತ್ತಾರೆ ಎಂದು ನಿಮ್ಮ ಮನೆಯಲ್ಲೊಮ್ಮೆ ಗಮನಿಸಿ ನೋಡಿ.